ಕಂಪ್ಯೂಟರಿಗೆ ಲೋಬಾನ ಹಾಕಿದ ಕಾಕಾ

ಕಾಕಾ ಅಂಗಡಿಗೆ ಬಂದ್ರು ಅಂದ್ರ ಮೊದಲು ಚಪ್ಪಲಿ ಬಿಡೋರು, ಆಮ್ಯಾಲ ಗ್ವಾಡಿ ಮ್ಯಾಲಿನ ಬಸವಣ್ಣನ ಫೋಟೊಕ್ಕ ಕೈ ಮುಗಿಯೋರು, ಅದಾದ ಮ್ಯಾಲ ಕಂಪ್ಯೂಟರಿನ ಬೆನ್ನಿಗೆ ಅಂಗೈ ಇಟ್ಟು ನಿಂದ್ರೋರು. ಕೂಸಿಗೆ ಜ್ವರ ಬಂದೈತೇನು ಅಂತ ಹಣಿ ಮುಟ್ಟಿ ನೋಡ್ತಾರಲ್ಲ, ಹಂಗ.

"ಇವತ್ತ ಸ್ವಲ್ಪ ಬಿಸಿ ಐತಲ್ಲ ಯವ್ವಾ?"

"ಇನ್ನೂ ಚಾಲೂ ಮಾಡಿಲ್ರಿ ಕಾಕಾ."

"ಹಂಗಾ? ಹಂಗಾರ ಬಿಸಲಿಂದು ಇರಬೇಕು." ಹಿಂಗಂದು ಇನ್ನೊಮ್ಮೆ ಮುಟ್ಟಿ ನೋಡಿ, ಆಮ್ಯಾಲ ಖುರ್ಚಿ ಮ್ಯಾಲ ಕುಂದ್ರೋರು.

ಅವರು ನನಗ ರಕ್ತಸಂಬಂಧದ ಕಾಕಾ ಅಲ್ಲ. ಗಂಗಾವತ್ಯಾಗ ಲಗ್ನದ ಫೋಟೊ, ವಿಡಿಯೊ ತಗಿಯೋ ಸಣ್ಣ ಸ್ಟುಡಿಯೊ ಅವರದು. ಅವರು ತಗದು ತಂದಿದ್ದನ್ನ ಕಂಪ್ಯೂಟರ್ ಮುಂದ ಕುಂತು ಕತ್ತರಿಸಿ, ಕೂಡಿಸಿ, ಹಾಡು ಹಾಕಿ ಕೊಡಾಕಿ ನಾನು. ಊರ ಮಂದಿ ಎಲ್ಲಾ ಅವರನ್ನ ಕಾಕಾ ಅಂತಿದ್ರು, ನಾನೂ ಅಂದೆ. ಹೋದ ತಿಂಗಳು ಕಾಕಾ ತೀರಿಕೊಂಡ್ರು. ಮಾತಾಡಿಸಾಕ ಬಂದವರೊಬ್ರು ಕಾಕಾನ ಹೇಣ್ತಿ ಕಾಕೂನ ಮುಂದ ಕುಂತು, "ಭಾಳ ಧೈರ್ಯದ ಮನಷಾ ಬಿಡ್ರಿ, ಯಾವುದಕ್ಕೂ ಅಂಜಲಿಲ್ಲ" ಅಂದ್ರು. ನನಗ ಅಳು ಬಂದಿತ್ತು, ಆ ಮಾತಿಗೆ ಸಿಟ್ಟು ಬಂತು. ಸತ್ತವರ ಬಗ್ಗೆ ಛಲೋ ಮಾತಾಡಬೇಕು, ಖರೆ. ಆದ್ರ ಇಷ್ಟು ಸುಳ್ಳು ಯಾಕ? ಕಾಕಾನಂಥಾ ಅಂಜುಬುರುಕನ್ನ ನಾ ಈ ಜನ್ಮದಾಗ ನೋಡಿಲ್ಲ. ಇದನ್ನ ಬೈಗುಳ ಅಂತ ತಿಳ್ಕೋಬ್ಯಾಡ್ರಿ, ಹೊಗಳಿಕಿ ಅಂತಽ ಹೇಳಾಕ ಹತ್ತೀನಿ.

ಯಲಬುರ್ಗಾ ದಿಕ್ಕಿಗೆ ಮಿಂಚಿದ್ರ ಕಾಕಾ ಗಂಗಾವತ್ಯಾಗ ಪ್ಲಗ್ ಕೀಳೋರು. "ಕಾಕಾ, ಅದು ಎಲ್ಲಿ, ನಾವೆಲ್ಲಿ" ಅಂದ್ರ, "ಮಿಂಚಿಗೆ ತಾಲೂಕು ಗೊತ್ತಿರ್ತೈತೇನು?" ಅಂತಿದ್ರು. ಶಟರ್ ಎಳದು ಕೀಲಿ ಹಾಕಿ ಓಣಿ ಮೂಲಿ ತನಕ ಹೋಗಿ, ತಿರುಗಿ ಬಂದು ಕೀಲಿ ಜಗ್ಗಿ ನೋಡೋರು. ಲಗ್ನಕ್ಕ ಹೋದ್ರ ಅಕ್ಕಿಕಾಳು ಬೀಳೂತನ ಬಾಯಿಗೆ ಒಂದು ಹನಿ ನೀರು ಸೈತ ಹಾಕ್ತಿರಲಿಲ್ಲ. ತಾಳಿ ಕಟ್ಟೂಮುಂದ ಮಂದಿಯೆಲ್ಲಾ ಮದುಮಕ್ಕಳ ಮ್ಯಾಲ ಅಕ್ಷತಿ ಒಗೀತಾರಲ್ಲ, ಅದಕ್ಕ ನಮ್ಮ ಕಡೆ ಅಕ್ಕಿಕಾಳು ಅಂತೀವಿ. ಅದು ಮುಗಿದ ಮ್ಯಾಲಽ ಕಾಕಾಂದು ಚಾ, ನೀರು, ಊಟ.

ಇನ್ನೊಂದು ಹೇಳ್ತೀನಿ, ನಗಬ್ಯಾಡ್ರಿ. ಕ್ಯಾಮೆರಾ ಚಾಲೂ ಐತಿ ಅನ್ನಾಕ ಒಳಗೊಂದು ಕೆಂಪು ಚುಕ್ಕಿ ಹತ್ತತೈತಿ. ಕಾಕಾ ಅದನ್ನ ನೋಡ್ಕೋತ ಬಾಯಾಗ, "ಕೆಂಪೈತಿ... ಕೆಂಪೈತಿ... ಕೆಂಪೈತಿ..." ಅಂತ ಜಪ ಮಾಡ್ತಿದ್ರು. ಅವರು ತಗದ ಅಷ್ಟೂ ಲಗ್ನದಾಗ ಅಯ್ನೋರ ಮಂತ್ರದ ಕೆಳಗ ಈ ಕೆಂಪೈತಿ ಸಣ್ಣಗ ಕೇಳಸ್ತೈತಿ. ಅದನ್ನ ಮುಚ್ಚಾಕ ನಾನು ಮ್ಯಾಲೆ ಶಹನಾಯಿ ಹಾಕ್ತಿದ್ದೆ. ಎಷ್ಟು ಮಂದಿ ಬಂದು, "ನಮ್ಮ ವಿಡಿಯೊದಾಗ ಶಹನಾಯಿ ಭಾಳ ಛಲೋ ಹಾಕೀಯವ್ವಾ" ಅಂದು ಹೋಗ್ಯಾರ. ಅವರಿಗೇನು ಗೊತ್ತು.

ಈ ಅಂಜಿಕಿ ಹುಟ್ಟಿನಿಂದ ಬಂದಿದ್ದಲ್ಲ. ಹುಟ್ಟೂರು ಇರಕಲ್ಲಗಡದಾಗ ಹುಡುಗರಿದ್ದಾಗ ಕಾಕಾ ಬಾವ್ಯಾಗ ಜಿಗದು ಈಜಿದವ್ರು, ಗುಡ್ಡ ಹತ್ತಿ ಜೇನು ಕಿತ್ತವ್ರು ಅಂತ ಕಾಕೂನಽ ಹೇಳ್ಯಾಳ. ಅಂಜಿಕಿ ಹೊಕ್ಕೊಂಡಿದ್ದು ತೊಂಬತ್ತೇಳರ ಬ್ಯಾಸಗ್ಯಾಗ. ಆಗಿನ್ನೂ ನಮ್ಮ ತಾಲೂಕು ರಾಯಚೂರು ಜಿಲ್ಲಾದಾಗಽ ಇತ್ತು. ಕಾಕಾ ಹೊಸದಾಗಿ ಹೆಗಲ ಮ್ಯಾಲ ಹೊರೋ ದೊಡ್ಡ ವಿಡಿಯೊ ಕ್ಯಾಮೆರಾ ತಂದಿದ್ರು. ಮೊದಲ ದೊಡ್ಡ ಲಗ್ನ ಸಿಕ್ಕಿದ್ದು ತಾವರಗೇರಾದಾಗ. ಹೆಬ್ಬೆಟ್ಟಿನ ಕೆಳಗ ಒಂದು ಗುಂಡಿ. ಒಮ್ಮೆ ಒತ್ತಿದ್ರ ಚಾಲೂ, ಇನ್ನೊಮ್ಮೆ ಒತ್ತಿದ್ರ ಬಂದ್. ಗದ್ದಲದಾಗ ಕಾಕಾಗ ಒಂದು ಸಲ ಲೆಕ್ಕ ತಪ್ಪಿತು. ಅಲ್ಲಿಂದ ಮುಂದ ಚಾಲೂ ಅಂತ ತಿಳ್ಕೊಂಡಾಗೆಲ್ಲಾ ಬಂದ್, ಬಂದ್ ಅಂತ ತಿಳ್ಕೊಂಡಾಗೆಲ್ಲಾ ಚಾಲೂ.

ಲಗ್ನದ ಮನಿಯವರು ಹೌಸಿಲೆ ಅಂಗಡಿಗೆ ಬಂದ್ರಂತ ಕ್ಯಾಸೆಟ್ ನೋಡಾಕ. ಹಸಿರು ಬಳಿ ಇನ್ನೂ ಕೈಯಾಗ ತುಂಬಿದ್ದ ಹೊಸ ಮದುಮಗಳೂ ಬಂದಿದ್ಲಂತ. ಟೀವ್ಯಾಗ ಏನು ಬಂತು? ಕಾಕಾನ ಚಪ್ಪಲಿ. ಚಪ್ಪರದ ನೆಲ. ಯಾರದೋ ಧೋತ್ರದ ಅಂಚು. ಎಮ್ಮಿ ಕಾಲು. ಮತ್ತ ಕಾಕಾನ ಚಪ್ಪಲಿ. ಅಕ್ಕಿಕಾಳು ಬರಲಿಲ್ಲ, ತಾಳಿ ಬರಲಿಲ್ಲ, ಹುಡುಗಿ ಮಾರಿ ಒಂದು ಸಲಾನೂ ಬರಲಿಲ್ಲ.

"ಬೈಲಿಲ್ಲ ಯವ್ವಾ ಅವ್ರು," ಅಂತಿದ್ರು ಕಾಕಾ. ಈ ಕಥಿ ಹೇಳಿದಾಗೆಲ್ಲಾ ಇಲ್ಲಿಗೆ ಬಂದು ದನಿ ಇಳೀತಿತ್ತು. "ಆಕಿ ಅಪ್ಪ ಎದ್ದು ನಿಂತು, ಹೋಗ್ಲಿ ಬಿಡ್ರಿ, ಲಗ್ನ ಅಂತೂ ಆಗೇತಲ್ಲ ಅಂದ. ಬೈದಿದ್ರ ನಾ ಬೈಸ್ಕೊಂಡು ಮರೀತಿದ್ದೆ. ಆ ಹುಡುಗಿ ಮಾತ್ರ ಟೀವಿ ಬಂದಾದ ಮ್ಯಾಲೂ ಅದನ್ನಽ ನೋಡ್ಕೋತ ಕುಂತಿದ್ಲು."

ಅದಕ್ಕಽ ಕೆಂಪೈತಿ ಜಪ, ಅದಕ್ಕಽ ಉಪಾಸ, ಅದಕ್ಕಽ ಕೀಲಿ ಜಗ್ಗೋದು. ಮತ್ತ ಅದಕ್ಕಽ ಲೋಬಾನ.

ನಮ್ಮ ಕಡೆ ಅಂಗಡಿಯವ್ರು ಅಮಾಸಿಗೆ ಪೂಜಿ ಮಾಡ್ತಾರ. ಕಾಯಿ ಒಡದು, ಲಿಂಬಿಹಣ್ಣು ಕಟ್ಟಿ, ಕೆಂಡದ ಮ್ಯಾಲ ಲೋಬಾನ ಉದುರಿಸಿ ಹೊಗಿ ತೋರಸ್ತಾರ. ದೃಷ್ಟಿ ಹತ್ತಬಾರದು ಅಂತ. ಬ್ಯಾರೆಯವ್ರು ಬಾಗಲಿಗೆ ತೋರಸಿ ಬಿಟ್ರ, ಕಾಕಾ ಕಂಪ್ಯೂಟರ್ ಡಬ್ಬಿಯ ತೂತಿಗೆ ತೋರಸ್ತಿದ್ರು. ಅದೂ ಚಾಲೂ ಇದ್ದಾಗ. ಒಳಗಿನ ಪಂಕಾ ಹೊಗಿ ಎಳಕೊಳ್ಳೋದನ್ನ ನೋಡಿ, "ನೋಡು ನೋಡು, ಹೆಂಗ ತಗೋತೈತಿ" ಅಂತ ಖುಷಿ ಪಡ್ತಿದ್ರು. ಮೊದಮೊದಲು ಅಮಾಸಿಗೆ ಅಷ್ಟ ಇತ್ತು, ಆಮ್ಯಾಲ ಶುಕ್ರವಾರಕ್ಕೂ ಬಂತು. ನಾ ಕೆಮ್ಮಿ ಕೆಮ್ಮಿ, "ಸಾಕ್ರಿ ಕಾಕಾ, ಅದಕ್ಕ ಉಬ್ಬಸ ಬಂದೀತು" ಅಂತಿದ್ದೆ. ಚ್ಯಾಷ್ಟಿಗೆ ಅಂದ ಮಾತದು. ನಾನೂ ಅದನ್ನ ಹೊಗಿ ಅಂತಽ ತಿಳ್ಕೊಂಡಿದ್ದೆ, ಹೊಗಿ ಹೋಗಿಬಿಡ್ತೈತಿ ಅಂತ.

ಹಿಂಗಿರುವಾಗ ಎರಡು ಸಾವಿರದ ಹದಿನೆಂಟರಾಗ ಯುಗಾದಿ ಮುಗಿದ ಮ್ಯಾಲ ಒಂದು ದಿನ ಒಬ್ಬ ಹೆಣಮಗಳು ಅಂಗಡಿ ಮೆಟ್ಟಲ ಹತ್ತಿ ಬಂದ್ರು. ಕೈಯಾಗ ಲಗ್ನಪತ್ರಿಕಿ, ಕುಂಕುಮದ ಭರಣಿ. "ಗುರ್ತು ಸಿಕ್ತೇನ್ರಿ?" ಅಂದ್ರು.

ಕಾಕಾ ಖುರ್ಚಿಯಿಂದ ಎದ್ದು ನಿಂತ್ರು. ಮಾರಿ ಬೆಳ್ಳಗಾತು. ನನಗ ಯಾರೂ ಹೇಳೋದು ಬೇಕಾಗಲಿಲ್ಲ. ತಾವರಗೇರಾದ ಅದಽ ಮದುಮಗಳು, ಈಗ ಮಗಳ ಲಗ್ನಕ್ಕ ಕರಿಯಾಕ ಬಂದಿದ್ಲು.

"ನನ್ನ ಕೈಲೆ ಬ್ಯಾಡ್ರಿ ಅಕ್ಕಾರ," ಅಂದ್ರು ಕಾಕಾ. ವಯಸ್ಸಿನಾಗ ಸಣ್ಣಾಕಿಗೆ ಅಕ್ಕಾರ ಅಂದ್ರು, ಅಷ್ಟು ಗಾಬರಿ. "ಊರಾಗ ಹೊಸ ಹುಡುಗ್ರು ಭಾಳ ಮಂದಿ ಅದಾರ, ನಾನಽ ಹಚ್ಚಿಕೊಡ್ತೀನಿ, ಛಲೋ ತಗೀತಾರ."

"ನಾ ನಿಮಗಽ ಹೇಳಾಕ ಬಂದೀನಿ," ಅಂದು ಆಕಿ ಪತ್ರಿಕಿಗೆ ಕುಂಕುಮ ಹಚ್ಚಿ ಮೇಜಿನ ಮ್ಯಾಲಿಟ್ಲು. "ಒಂದಽ ಮಾತು ಕಾಕಾ. ಮಗಳು ಮೊದಲ ನಾಗರ ಪಂಚಮಿಗೆ ತವರಿಗೆ ಬರ್ತಾಳ. ನನ್ನ ಅಕ್ಕತಂಗ್ಯಾರು, ನಾದಿನ್ಯಾರು ಎಲ್ಲಾ ಕೂಡ್ತಾರ. ಅವತ್ತು ಎಲ್ಲಾರೂ ಕುಂತು ನೋಡಬೇಕು. ಪಂಚಮಿ ದಾಟಿದ ಮ್ಯಾಲ ಕೊಟ್ರ ನನಗ ಬ್ಯಾಡ."

ಲಗ್ನ ಮೇ ತಿಂಗಳದಾಗ ಆತು. ಕಾಕಾ ಮೂರು ಕ್ಯಾಮೆರಾ ಹಚ್ಚಿಸಿದ್ರು. ಒಂದು ತಾವು ಹಿಡಿದ್ರು, ಒಂದು ನನಗ ಕೊಟ್ರು, ಇನ್ನೊಂದನ್ನ ಸುಮ್ನ ಕಂಬಕ್ಕ ಕಟ್ಟಿದ್ರು, ಎರಡೂ ಕೈಕೊಟ್ರ ಇರಲಿ ಅಂತ. ಎಲ್ಲಾ ಛಲೋ ಬಂತು. ಅಕ್ಕಿಕಾಳು ಅಂದ್ರ ಅಕ್ಕಿಕಾಳು, ಒಂದೊಂದು ಕಾಳು ಎಣಿಸಬಹುದು ಹಂಗ ಬಂದಿತ್ತು. ನನಗೂ ಹುರುಪು ಬಂತು. ಆ ಜಾಗ ಇನ್ನೂ ಛಂದ ಕಾಣಲಿ ಅಂತ ಕಾಳು ನಿಧಾನಕ್ಕ ಉದುರೋ ಹಂಗ ಮಾಡಿ, ಮೂರೂ ಕ್ಯಾಮೆರಾದ್ದು ಒಂದರ ಮ್ಯಾಲೊಂದು ಪದರ ಪದರ ಹೊಂದಿಸಿದೆ.

ಇನ್ನೇನು, ಎಲ್ಲಾ ಕೂಡಿಸಿ ಒಂದು ವಿಡಿಯೊ ತಗಿಬೇಕು. ಕಂಪ್ಯೂಟರಿಗೆ ಹಚ್ಚಿ ಬಿಟ್ಟೆ. ಬೀಗರ ಭೇಟಿ ದಾಟಿತು, ಅರಿಷಿಣ ದಾಟಿತು, ಸುರಿಗಿ ನೀರು ದಾಟಿತು. ಅಕ್ಕಿಕಾಳಿಗೆ ಬಂದ ಕೂಡಲೆ ಪರದೆ ಟಕ್ ಅಂತ ಕರ್ರಗಾತು. ಮತ್ತ ಹಚ್ಚಿದೆ. ಮತ್ತ ಅಲ್ಲೇ ಬಂದು ಕರ್ರಗಾತು. ತಿರುಗಿ ನೋಡ್ತೀನಿ, ಕಾಕಾ ಗ್ವಾಡಿ ಹಿಡ್ಕೊಂಡು ನಿಂತಾರ.

"ಅದಽ ಜಾಗ," ಅಂದ್ರು. "ಯವ್ವಾ, ಅದಽ ಜಾಗ ನೋಡು."

ಅಲ್ಲಿ ಪದರ ಜಾಸ್ತಿ ಅದಾವು, ಕೆಲಸದ ಭಾರ ಜಾಸ್ತಿ, ಅದಕ್ಕ ಅಲ್ಲಿ ಬಿಸಿ ಆಗಿ ನಿಲ್ತೈತಿ ಅಂತ ತಿಳಿಸಿ ಹೇಳಿದೆ. ಪದರ ಕಮ್ಮಿ ಮಾಡಿ ನೋಡಿದೆ, ಒಂದು ಮಾರು ಮುಂದ ಹೋಗಿ ಅಲ್ಲಿ ನಿಂತು ಬಿಡ್ತು. ಕಾಕಾ ನನ್ನ ಮಾತು ಕೇಳೋ ಸ್ಥಿತ್ಯಾಗ ಇರಲಿಲ್ಲ. ಮರುದಿನದಿಂದ ಏನು ಮಾಡಿದ್ರಂತೀರಿ? ದಿನಾ ಲೋಬಾನ! ಮುಂಜಾನೆ ಒಮ್ಮೆ, ಸಂಜಿಗೆ ಒಮ್ಮೆ. ಅದು ನಿಂತಂಗೆಲ್ಲಾ ಹೊಗಿ ಹೆಚ್ಚಾತು, ಹೊಗಿ ಹೆಚ್ಚಾದಂಗೆಲ್ಲಾ ಅದು ಜಲ್ದಿ ಜಲ್ದಿ ನಿಲ್ಲಾಕ ಹತ್ತಿತು. ಆಷಾಢ ಅರ್ಧ ಕಳೀತು. ಕಾಕಾ ಊಟ ಬಿಟ್ರು. ಕಾಕೂ ನನಗ ಫೋನ್ ಮಾಡಿ, "ಏನಾಗೇತಿ ಹೇಳವ್ವಾ, ನಿದ್ದಿಗಣ್ಣಾಗ ಕೆಂಪೈತಿ ಕೆಂಪೈತಿ ಅಂತಾರ" ಅಂದ್ಲು.

ಕಡೀಕ ನಾ ಡಬ್ಬಿಯ ಮಗ್ಗಲ ಬಾಗಲ ಬಿಚ್ಚಿದೆ. ಕಂಪ್ಯೂಟರಿನಾಗ ಚಿತ್ರದ ಕೆಲಸ ಎಲ್ಲಾ ಮಾಡೋದು ಗ್ರಾಫಿಕ್ಸ್ ಕಾರ್ಡ್ ಅಂತ ಒಂದು ಹಲಗಿ. ಅದರ ನಡಕ ಒಂದು ಚಿಪ್, ಕೆಲಸ ಮಾಡೂಮುಂದ ಹಂಚಿನಂಗ ಕಾಯ್ತೈತಿ. ಅದನ್ನ ತಣ್ಣಗಿಡಾಕ ಚಿಪ್ಪಿನ ಮ್ಯಾಲ ಸಣ್ಣ ಸಣ್ಣ ಎಲಿಯ ಒಂದು ಲೋಹದ ತುಂಡು, ಅದರ ಮ್ಯಾಲ ಒಂದು ಸಣ್ಣ ಪಂಕಾ. ಕಂಪನಿಯಿಂದ ಬಂದ ಕೂಲರ್ ಅದು. ಆ ಪಂಕಾ ತಿರುಗವಲ್ದು. ಬೆರಳಿಲೆ ದೂಡಿದ್ರ ಅರ್ಧ ಸುತ್ತು ತಿರುಗಿ ನಿಂತುಬಿಡ್ತಿತ್ತು.

ಹೊಸ ಕಾರ್ಡ್ ತರೋಣಂದ್ರ ಆ ವರ್ಷ ಹೊಸಪೇಟಿ, ಹುಬ್ಬಳ್ಳಿ ಎಲ್ಲಿ ಕೇಳಿದ್ರೂ ಇಲ್ಲ ಅಂತಽ ಉತ್ತರ, ಕಂಪ್ಯೂಟರಿನಾಗ ರೊಕ್ಕ ಹುಟ್ಟಿಸೋ ಮಂದಿ ಎಲ್ಲಾ ಕಾರ್ಡ್ ಕೊಂಡು ಒಯ್ದಿದ್ರು. ಆದ್ರ ಕಾರ್ಡ್ ಸತ್ತಿರಲಿಲ್ಲ, ಉಸಿರು ಕಟ್ಟಿತ್ತು ಅಷ್ಟ. ಅದಕ್ಕ ಬ್ಯಾರೆ ಕಂಪನಿಯ ದೊಡ್ಡ ಕೂಲರ್ ಕೂಡಿಸಬಹುದು ಅಂತ ಹುಬ್ಬಳ್ಳಿ ಅಂಗಡಿಯವ್ರು ಹೇಳಿದ್ರು. ಜೋಪಾನ, ಚಿಪ್ಪಿನ ಮೂಲಿ ಒಡದ್ರ ಕಾರ್ಡ್ ಹೋದಂಗಽ ಅಂತನೂ ಹೇಳಿದ್ರು. ನಾ ಆ ಎರಡನೇ ಮಾತು ಕಾಕಾಗ ಹೇಳಬಾರದು ಅಂತಿದ್ದೆ, ಆದ್ರ ಫೋನ್ ಸ್ಪೀಕರಿನ ಮ್ಯಾಲಿತ್ತು.

ಕೂಲರ್ ಬಸ್ಸಿನಾಗ ಬಂತು. ಕಾಕಾ ಬಸ್ಸು ಹುಬ್ಬಳ್ಳಿ ಬಿಡೂಕಿಂತ ಮೊದಲಽ ಗಂಗಾವತಿ ಬಸ್ ಸ್ಟ್ಯಾಂಡಿಗೆ ಹೋಗಿ ಕುಂತಿದ್ರು. ಬಂದ ಡಬ್ಬಿನ ಆಟೊದಾಗ ತೊಡಿ ಮ್ಯಾಲಿಟ್ಕೊಂಡು, "ಸಾವಕಾಶ ಹೊಡಿಯಪಾ, ಬಾಣಂತಿ ಕುಂತಾಳ ಅಂತ ತಿಳ್ಕೊ" ಅಂದ್ರಂತ. ಆಟೊದವ ನನ್ನ ಮುಂದ ಹೇಳಿ ನಕ್ಕ.

ಆಯಿತವಾರ ಮುಂಜಾನೆ ಮುಹೂರ್ತ ಹಿಡದ್ವಿ. ನಾ ಮೇಜಿನ ಮ್ಯಾಲ ಬಿಳಿ ಬಟ್ಟಿ ಹಾಸಿ ಕಾರ್ಡ್ ಬೋರಲ ಇಟ್ಟೆ. ಹಿಂದಿನ ಸ್ಪ್ರಿಂಗಿನ ಸ್ಕ್ರೂ ಬಿಚ್ಚಿದೆ. ಕಾಕಾ ದೂರ ಬಾಗಲದಾಗ ನಿಂತು, "ಆತೇನು? ಆತೇನು?" ಅಂತ ಕೇಳಾವ್ರು, ಹತ್ರ ಬರವಲ್ರು. ಸ್ಕ್ರೂ ಎಲ್ಲಾ ಬಂದ್ವು, ಕೂಲರ್ ಮಾತ್ರ ಬರವಲ್ದು. ಅಂಟಿ ಹಿಡದಿತ್ತು. ಜಗ್ಗಿದ್ರ ಚಿಪ್ ಕಿತ್ತು ಬರಬಹುದು. ಕೂದಲು ಒಣಗಿಸೋ ಮಶೀನಿಲೆ ಸ್ವಲ್ಪ ಬಿಸಿಗಾಳಿ ಹಿಡದು, ಎಡಕ ಬಲಕ ಸಾವಕಾಶ ತಿರುವಿದೆ. ಟಪ್ ಅಂತು.

"ಶಿವನಽ!" ಅಂತ ಕಾಕಾ ಕಣ್ಣು ಮುಚ್ಚಿದ್ರು. "ಒಡೀತೇನು?"

"ಒಡದಿಲ್ರಿ. ಬಿಟ್ಟೈತಿ. ಬರ್ರಿ ಇಲ್ಲೆ."

ಹಳೇ ಕೂಲರ್ ಕೈಯಾಗ ಹಿಡದು ನೋಡಿದೆ. ನಮ್ಮೂರಾಗ ಅಕ್ಕಿ ಗಿರಣಿ ಭಾಳ, ತೌಡಿನ ಧೂಳು ಎಲ್ಲಿಲ್ಲ ಅಂದ್ರೂ ಇರ್ತೈತಿ. ಆದ್ರ ಒಣಾ ಧೂಳಾಗಿದ್ರ ಊದಿದ್ರ ಹಾರ್ತಿತ್ತು. ಇದು ಹಾರುವಂಥಾದ್ದಲ್ಲ. ಎಲಿ ಎಲಿಯ ನಡಕ ಕಂದು ಬಣ್ಣದ ಅಂಟು, ಬೆಲ್ಲದ ಪಾಕ ಒಣಗಿದಂಗ. ಪಂಕಾದ ಅಚ್ಚಿನಾಗೂ ಅದಽ. ಪಿನ್ನಿಲೆ ಕೆರದೆ, ಒಂದು ಚೂರು ಬಂತು. ಮೂಗಿಗೆ ಹಿಡದೆ.

"ಏನದು?" ಅಂದ್ರು ಕಾಕಾ.

ಹೇಳಲೋ ಬ್ಯಾಡೋ ಅಂತ ವಿಚಾರ ಮಾಡೋದ್ರಾಗ ಅವರಽ ನನ್ನ ಕೈಯಿಂದ ಅದನ್ನ ತಗೊಂಡು ಮೂಸಿದ್ರು. ಇನ್ನೊಮ್ಮೆ ಮೂಸಿದ್ರು. ಆ ವಾಸನಿ ಅವರಕಿಂತ ಚೆಂದ ಯಾರಿಗೆ ಗೊತ್ತಿತ್ತು?

"ಲೋಬಾನ," ಅಂದ್ರು.

"ಹೌದ್ರಿ ಕಾಕಾ. ಹೊಗ್ಯಾಗ ಅಂಟು ಇರ್ತೈತಿ. ಅದಕ್ಕ ತೌಡು ಕೂಡೇತಿ."

"ನಾನಽ ಉಸಿರು ಕಟ್ಟಿಸಿದ್ನಲ್ಲ ಯವ್ವಾ ಇದರದು. ಏನೂ ಆಗಬಾರದಂತ ಹಾಕಿದೆ. ನಾನಽ..."

ಅಷ್ಟಂದು ಕಾಕಾ ಹೊರಗ ಹೋಗಿ ಅಂಗಡಿ ಕಟ್ಟಿ ಮ್ಯಾಲ ಕುಂತ್ರು. ನನಗ ಅಯ್ಯೋ ಅನಿಸಿತು. ಅತಿ ಆದ್ರ ಅಮೃತನೂ ವಿಷ ಅಂತಾರ, ಆದ್ರ ಆ ಮಾತನ್ನ ಆ ಹೊತ್ತಿನಾಗ ಆ ಮನಷಾಗ ಹೆಂಗ ಹೇಳೋದು? ಇಪ್ಪತ್ತು ವರ್ಷದಿಂದ ಒಂದು ತಪ್ಪು ಮತ್ತ ಆಗಬಾರದಂತ ಕಾಯ್ದವ್ರು. ಕಾಯ್ದಿದ್ದಽ ತಪ್ಪಾಗಿ ಕುಂತ್ರ ಯಾರ ಮುಂದ ಹೇಳ್ಕೋಬೇಕು?

ಸಮಾಧಾನದ ಮಾತು ನನಗ ಬರಂಗಿಲ್ಲ. ಅದಕ್ಕ ಒಳಗಿಂದಽ ಒದರಿದೆ: "ಕಾಕಾ, ಕಣ್ಣಿಗೆ ಕಾಣವಲ್ದು. ಬಂದು ಬ್ಯಾಟರಿ ಹಿಡೀರಿ."

ಕರದ ಮ್ಯಾಲ ಬಂದ್ರು. ಬ್ಯಾಟರಿ ಹಿಡದ್ರು. ಬೆಳಕು ಕಾರ್ಡಿನ ಮ್ಯಾಲ ನಡಗಾಕ ಹತ್ತಿತ್ತು. ನಾ ಸ್ಪಿರಿಟ್ ಹಚ್ಚಿದ ಅರಳಿಲೆ ಚಿಪ್ ಒರಸಿದೆ. ಚಿಪ್ಪಿನ ಬಿಸಿ ಕೂಲರಿಗೆ ದಾಟಿಸಾಕ ನಡಕ ಹಚ್ಚಿದ್ದ ಹಳೇ ಪೇಸ್ಟ್ ಒಣಗಿದ ಸುಣ್ಣದಂಗ ಉದುರಿ, ಕೆಳಗ ಚಿಪ್ ಕನ್ನಡಿಯಂಗ ಬಂತು. ಹೊಸ ಕೂಲರ್ ಕೂಡಿಸೂಕಿಂತ ಮೊದಲು ಚಿಪ್ಪಿನ ಮ್ಯಾಲ ಒಂಚೂರು ಹೊಸ ಪೇಸ್ಟ್ ಇಡಬೇಕು. ಜಾಸ್ತಿ ಆಗಬಾರದು, ಕಮ್ಮಿನೂ ಆಗಬಾರದು.

"ಎಷ್ಟು ಇಡಬೇಕು?" ಅಂತ ಕಾಕಾ ಕೇಳಿದ್ರು.

"ಒಂದು ಅಕ್ಕಿಕಾಳಿನಷ್ಟು."

ಕಾಕಾ ನನ್ನ ಮಾರಿ ನೋಡಿದ್ರು. ನಾ ಚ್ಯಾಷ್ಟಿ ಮಾಡಿರಲಿಲ್ಲ, ಅಳತಿ ಇರೋದಽ ಅಷ್ಟು. "ನಾ ಇಡ್ಲೇನು?" ಅಂದ್ರು.

ನಡಗೋ ಕೈ, ಇರೋದು ಒಂದಽ ಕಾರ್ಡ್, ಪಂಚಮಿ ಮುಂದಿನ ವಾರ. ಬ್ಯಾಡ ಅನ್ನಾಕ ಬಾಯಿ ತಗದೆ, ಆದ್ರ ಅವರ ಕಣ್ಣು ನೋಡಿ ಪೇಸ್ಟಿನ ನಳಿಗಿ ಕೈಗೆ ಕೊಟ್ಟೆ. ಬ್ಯಾಟರಿ ನಾ ಹಿಡದೆ. ಕಾಕಾ ಉಸಿರು ಬಿಗಿ ಹಿಡದು ಬಗ್ಗಿದ್ರು, ಕ್ಯಾಮೆರಾದಾಗ ಕಣ್ಣಿಡೋವಾಗ ಬಗ್ಗತಿದ್ರಲ್ಲ, ಹಂಗಽ. ಕೈ ನಡಗೋದು ನಿಂತಿತು. ಖರೇ ಹೇಳ್ತೀನಿ, ಒಂದು ಕೂದಲೆಳಿಯಷ್ಟೂ ಅಲಗಲಿಲ್ಲ. ಚಿಪ್ಪಿನ ನಟ್ಟನಡು ಒಂದು ಅಕ್ಕಿಕಾಳು ಕುಂತಿತು. ಬಾಯಾಗ ಏನೋ ಜಪ ಇತ್ತು, ಏನಂತ ನಾ ಕೇಳಲಿಲ್ಲ.

ಆಮ್ಯಾಲ ದೊಡ್ಡ ಕೂಲರ್ ಮ್ಯಾಲಿಟ್ಟು ಸ್ಕ್ರೂ ತಿರುವಿದೆ. ಒಂದಽ ಮೂಲಿ ಬಿಗಿ ಮಾಡಿದ್ರ ಚಿಪ್ ಒಡೀತೈತಿ, ಅದಕ್ಕ ಈ ಮೂಲಿ ಸ್ವಲ್ಪ, ಎದುರು ಮೂಲಿ ಸ್ವಲ್ಪ. ಹೊರಸಿನ ನುಲಿ ಬಿಗೀತಾರಲ್ಲ, ಹಂಗ. ಕಾರ್ಡ್ ತಿರುಗಿ ಡಬ್ಬ್ಯಾಗ ಇಟ್ರ, ಅಯ್ಯ ನಮ್ಮವ್ವ, ಕೂಲರ್ ಇಷ್ಟು ದೊಡ್ಡದು ಡಬ್ಬಿ ಬಾಗಲ ಹಾಕಾಕಽ ಬರವಲ್ದು. "ಹಲ್ಲಿ ಹೊಕ್ರ ಹೆಂಗ? ಇಲಿ ಹೊಕ್ರ?" ಅಂತ ಕಾಕಾನ ಹೊಸಾ ಫಿಕರು ಶುರುವಾತು. ನನಗ ಅಷ್ಟು ಕೇಳಿದ್ದಽ ಸಮಾಧಾನ ಆತು, ಮನಷಾ ತಿರುಗಿ ತಮ್ಮ ದಾರಿಗೆ ಬಂದ್ರು ಅಂತ.

ಗುಂಡಿ ಒತ್ತಿದೆ. ಕಂಪ್ಯೂಟರ್ ಸದ್ದು ಮಾಡ್ತು, ಪರದೆ ಕರ್ರಗಽ ಇತ್ತು. ಹೊರಗ ಯಾವುದೋ ಟ್ರ್ಯಾಕ್ಟರ್ ಹಾಡು ಹಾಕ್ಕೊಂಡು ಹೋತು. ಬಗ್ಗಿ ನೋಡ್ತೀನಿ, ಕಾರ್ಡಿಗೆ ಕರೆಂಟ್ ಕೊಡೋ ವೈರ್ ಹಚ್ಚೇ ಇಲ್ಲ, ಜೋತಾಡಾಕ ಹತ್ತೈತಿ. ಹಚ್ಚಿ ಮತ್ತ ಒತ್ತಿದೆ. ಹೊಸ ಕೂಲರಿನ ಎರಡೂ ಪಂಕಾ ಸುಂಯ್ ಅಂತ ತಿರುಗಿದ್ವು. ಪರದೆಗೆ ಬೆಳಕು ಬಂತು.

ಲಗ್ನ ಹಚ್ಚಿದೆ. ಅರಿಷಿಣ ದಾಟಿತು, ಸುರಿಗಿ ದಾಟಿತು. ಅಕ್ಕಿಕಾಳಿನ ಜಾಗ ಬಂದಾಗ ಕಾಕಾ ಕಾರ್ಡಿನ ಮ್ಯಾಲ ಗಾಳಿಗೆ ಅಂಗೈ ಹಿಡದು ನಿಂತಿದ್ರು. ನಿಲ್ಲಲಿಲ್ಲ ಅದು. ದಾಟಿ ಊಟದ ಪಂಕ್ತಿಗೆ ಹೋತು, ಹೆಣ್ಣು ಒಪ್ಪಿಸಿ ಕೊಡೋದಕ್ಕ ಹೋತು. "ತಣ್ಣಗೈತಿ ಯವ್ವಾ," ಅಂದ್ರು. ಕಣ್ಣಾಗ ನೀರಿತ್ತು. ನಾನೂ ಅತ್ತೆ, ಯಾಕ ಸುಳ್ಳು ಹೇಳ್ಲಿ.

ಪಂಚಮಿಗೆ ನಾವಿಬ್ರೂ ತಾವರಗೇರಾಕ್ಕ ಹೋದ್ವಿ. ಕಾಕಾ ಅದಽ ವಿಡಿಯೊನ ಅಂಗಿ ಕಿಸೆದಾಗ ಒಂದು ಪೆನ್‌ಡ್ರೈವ್, ಒಳಗಿನ ಬನಿಯನ್ನಿನಾಗ ಒಂದು, ನನ್ನ ಚೀಲದಾಗ ಒಂದು ಇಟ್ಟಿದ್ರು. ಪಡಸಾಲಿ ತುಂಬ ಹೆಣಮಕ್ಕಳು. ಹೊರಗ ಬೇವಿನ ಗಿಡಕ್ಕ ಜೋಕಾಲಿ, ಒಳಗ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. ಟೀವಿ ಹಚ್ಚಿದ್ರು. ಎಲ್ಲಾರೂ ಟೀವಿ ಮುಂದ, ಕಾಕಾ ಒಬ್ರು ಟೀವಿ ಹಿಂದ, ಅದರ ಬೆನ್ನಿಗೆ ಅಂಗೈ ಇಟ್ಕೊಂಡು.

ಅಕ್ಕಿಕಾಳು ಬಂತು. ಕಾಳು ನಿಧಾನಕ್ಕ ಹುಡುಗಿ ಹಣಿ ಮ್ಯಾಲ, ತಲಿಗೆ ಕಟ್ಟಿದ ಹೂವಿನ ದಂಡಿ ಮ್ಯಾಲ ಉದುರಿದ್ವು. ಆ ಜಾಗದಾಗ ನಾ ಶಹನಾಯಿ ಹಾಕಿರಲಿಲ್ಲ, ಬೇಕಂತಽ ಬಿಟ್ಟಿದ್ದೆ. ಅಯ್ನೋರ ಮಂತ್ರದ ಕೆಳಗ ಸಣ್ಣಗ ಕೇಳಿಸಿತು: ಕೆಂಪೈತಿ... ಕೆಂಪೈತಿ... ಕೆಂಪೈತಿ...

"ಇದ್ಯಾರ ದನೀಬೇ?" ಅಂತ ಒಬ್ಬಾಕಿ ನಕ್ಕಳು. ಎಲ್ಲಾರೂ ನಕ್ರು. ಕಾಕಾ ನಾಚಿ ಟೀವಿ ಹಿಂದ ಮತ್ತಷ್ಟು ಸರದ್ರು.

ಆಕಿ, ಹುಡುಗಿ ತಾಯಿ, ನಗಲಿಲ್ಲ. "ಕಾಕಾ, ಮುಂದ ಬರ್ರಿ," ಅಂದ್ಲು. "ನಾ ಯಾಕ ನಿಮ್ಮ ಕಡೇನಽ ಬಂದೆ ಗೊತ್ತೈತೇನ್ರಿ? ಛಲೋ ತಗಿಯಾವ್ರು ಭಾಳ ಮಂದಿ ಅದಾರ. ನನ್ನ ಲಗ್ನಾ ನೆನಸ್ಕೊಂಡು ಅಂಜಾವ್ರು ನೀವೊಬ್ರಽ."

ಕಾಕಾ ಒಂದು ಶೇಂಗಾ ಉಂಡಿ ಕೈಯಾಗ ಹಿಡ್ಕೊಂಡು ನಿಂತಿದ್ರು, ಬಾಯಿಗೆ ಹಾಕೋದು ಮರತಿದ್ರು. ತಿರುಗಿ ಬರೂಮುಂದ ಬಸ್ಸಿನಾಗ ಕಿಡಕಿ ಕಡೆ ಮಾರಿ ಮಾಡಿ ಕುಂತಿದ್ರು. ಅವತ್ತು ಮನಿಗೆ ಹೋಗಿ ಎರಡು ರೊಟ್ಟಿ ಜಾಸ್ತಿ ಉಂಡ್ರು ಅಂತ ಕಾಕೂ ಹೇಳಿದ್ಲು.

ಅಂಜಿಕಿ ಹೋತು ಅಂತ ತಿಳ್ಕೋಬ್ಯಾಡ್ರಿ. ಡಬ್ಬಿಯ ತೆರದ ಮಗ್ಗಲಕ್ಕ ಕಾಕೂನ ಹಳೇ ಸೀರಿಯ ತೆಳ್ಳನ ಅರಿವಿ ಕಟ್ಟಿದ್ರು, ಹಲ್ಲಿ ಹೊಗಬಾರದಂತ. ಅಮಾಸಿಗೆ ಲೋಬಾನ ಹಾಕೋದನ್ನೂ ಬಿಡಲಿಲ್ಲ, ಆದ್ರ ಕಂಪ್ಯೂಟರ್ ಬಂದ್ ಮಾಡಿ, ಹೊಸ್ತಿಲದ ಹೊರಗ ನಿಂತು ಹಾಕ್ತಿದ್ರು. ಗಾಳಿ ಒಳಗ ಬೀಸಿದ್ರ ಲೋಬಾನ ಹಿಡ್ಕೊಂಡು ಓಣ್ಯಾಗ ಓಡಿ ಹೋಗಾವ್ರು. ಹಿಂಗಽ ಅಂಜ್ಕೋತ ಅಂಜ್ಕೋತ ನೂರಾರು ಮಂದಿ ಲಗ್ನಾ ತಗದು, ಒಂದೂ ಕಳೀಲಾರದಂಗ ಕೊಟ್ಟು, ಹೋದ ತಿಂಗಳು ಹೋದ್ರು.

ಈಗ ಅಂಗಡಿ ನಾನಽ ನಡಸ್ತೀನಿ. ಮೊನ್ನೆ ತಾವರಗೇರಾದಿಂದ ಫೋನ್ ಬಂತು. ಆಕೀನಽ. ಕಾಕಾನ ಸುದ್ದಿ ಕೇಳಿ ಸ್ವಲ್ಪ ಹೊತ್ತು ಅತ್ತಳು. ಆಮ್ಯಾಲ, "ನನ್ನ ಸಣ್ಣ ಮಗಳ ಲಗ್ನ ಗೊತ್ತಾಗೇತವ್ವಾ," ಅಂದ್ಲು. "ಯಾರಿಗೆ ಹೇಳಬೇಕು ತಿಳೀವಲ್ದು. ಒಂದು ಮಾತು ಕೇಳ್ತೀನಿ, ಖರೇ ಹೇಳು. ನಿನಗೂ ಅವರಂಗ ಅಂಜಿಕಿ ಆಗ್ತೈತೇನು?"

ನನ್ನ ಎಡಗೈ ಕಂಪ್ಯೂಟರಿನ ಬೆನ್ನ ಮ್ಯಾಲಿತ್ತು. ಯಾವಾಗ ಇಟ್ಟಿದ್ದೆ ನನಗಽ ಗೊತ್ತಿಲ್ಲ.

"ಆಗ್ತೈತ್ರಿ ಅಕ್ಕಾರ," ಅಂದೆ. "ಭಾಳ ಆಗ್ತೈತಿ."

"ಹಂಗಾರ ನೀನಽ ಬಾ," ಅಂದ್ಲು.